ಅಪ್ಪನ ಪಂಚೆಯಿಂದ ಬಿಳಿ ಕುದುರೆ: ಹ್ಯಾಲೋವೀನ್ ವೇಷ ಕಟ್ಟಿದ ನನ್ನ ಅನುಭವ

ಐರ್ಲೆಂಡಿನ ಮೀತ್ ಕೌಂಟಿಗೆ ಬಂದ ಮೇಲೆ ಮೊದಲ ಮೂರು ವರ್ಷ ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿಗೆ ಮಗಳಿಗೆ ಅಂಗಡಿಯ ಪ್ಲಾಸ್ಟಿಕ್ ಮುಖವಾಡವನ್ನೇ ಕೊಂಡು ತರುತ್ತಿದ್ದೆ. ನಾಲ್ಕನೆಯ ವರ್ಷ ಪಕ್ಕದ ಮನೆಯ ಅಜ್ಜಿ ತಮ್ಮ ಬಾಲ್ಯದ ವೇಷಗಳನ್ನು ವಿವರಿಸಿದರು: ಹಳೆಯ ಕೋಟನ್ನು ಒಳಮಗ್ಗುಲು ಹೊರಗೆ ಮಾಡಿ ತೊಡುತ್ತಿದ್ದರಂತೆ, ಅಣ್ಣನ ಬಟ್ಟೆ ತಂಗಿಗೂ ತಂಗಿಯದು ಅಣ್ಣನಿಗೂ ಹೋಗುತ್ತಿತ್ತಂತೆ, ಮುಖಕ್ಕೆ ಮಸಿಯೋ ಹರಿದ ಪರದೆಯ ತುಂಡೋ ಸಾಕಾಗುತ್ತಿತ್ತಂತೆ. ಹಾಗೆ ವೇಷ ಹಾಕಿ ಮನೆಮನೆಗೆ ಹೋದಾಗ ಆ ಮನೆಯವರು ಗುರುತು ಹಿಡಿಯಲಾರದೆ ಸೋತರೆ ಮಕ್ಕಳಿಗೆ ಸೇಬು ಮತ್ತು ಕಾಯಿಬೀಜಗಳು ಸಿಗುತ್ತಿದ್ದವು. ಯಾರನ್ನಾದರೂ ಹೆದರಿಸುವುದಕ್ಕಿಂತ ತಮ್ಮ ಗುರುತು ಸಿಗದಂತೆ ನೋಡಿಕೊಳ್ಳುವುದೇ ಆಗ ಮುಖ್ಯವಾಗಿತ್ತು ಎಂದು ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಆ ವರ್ಷ ವೇಷವನ್ನು ಮನೆಯಲ್ಲೇ ಕಟ್ಟಬೇಕೆಂದು ನಿರ್ಧರಿಸಿದೆ.

ಕಟ್ಟುವ ಮೊದಲು ಹಬ್ಬದ ಮೂಲವನ್ನು ತಿಳಿದುಕೊಳ್ಳಬೇಕೆನಿಸಿತು. ಹ್ಯಾಲೋವೀನ್ ಇಲ್ಲಿ ಅಮೆರಿಕದಿಂದ ಬಂದ ಹಬ್ಬವಲ್ಲ. ಐರಿಷ್ ಮತ್ತು ಸ್ಕಾಟಿಷ್ ವಲಸಿಗರೇ ಅದನ್ನು ಅಲ್ಲಿಗೆ ಕೊಂಡೊಯ್ದವರು. ಕ್ರೈಸ್ತಧರ್ಮಕ್ಕೂ ಹಿಂದಿನ 'ಸೌವಿನ್' ಎಂಬ ಹಬ್ಬ ಬೇಸಿಗೆ ಮುಗಿದು ಚಳಿಗಾಲ ಹುಟ್ಟುವ ಸಂಧಿಯದು, ದನಗಳು ಮೇವಿನ ಬಯಲಿನಿಂದ ಹಟ್ಟಿಗೆ ಮರಳುವ ಕಾಲದ್ದು. ಐರಿಷ್ ಭಾಷೆಯಲ್ಲಿ ನವೆಂಬರ್ ತಿಂಗಳಿಗೆ ಇಂದಿಗೂ ಅದೇ ಹೆಸರು. ಆ ರಾತ್ರಿ ದಿಬ್ಬಗಳು ಬಾಯ್ದೆರೆದು ಅನ್ಯಲೋಕದವರು ಹೊರಬರುತ್ತಾರೆಂದು ಮಧ್ಯಯುಗದ ಐರಿಷ್ ಕಥೆಗಳು ಹೇಳುತ್ತವೆ. ನಮ್ಮ ಮನೆಯಿಂದ ಸ್ವಲ್ಪವೇ ದೂರದಲ್ಲಿ, ಅತ್‌ಬಾಯ್ ಊರಿನ ಪಕ್ಕದಲ್ಲಿರುವ ಹಿಲ್ ಆಫ್ ವಾರ್ಡ್ ಗುಡ್ಡದ ಮೇಲೆ ಸೌವಿನ್ ಬೆಂಕಿ ಹೊತ್ತಿಸುತ್ತಿದ್ದರೆಂದು 17ನೇ ಶತಮಾನದಲ್ಲಿ ಐರಿಷ್ ಇತಿಹಾಸಕಾರ ಜೆಫ್ರಿ ಕೀಟಿಂಗ್ ಬರೆದಿದ್ದಾನೆ. ಚರ್ಚು ಸಕಲ ಸಂತರ ದಿನವನ್ನು ನವೆಂಬರ್ 1ರಂದು ನೆಲೆಗೊಳಿಸಿದ್ದು 9ನೇ ಶತಮಾನದಲ್ಲಿ. ಅದರ ಹಿಂದಿನ ರಾತ್ರಿಯೇ ಹ್ಯಾಲೋವೀನ್.

ಆದರೆ ಎರಡು ಸಾವಿರ ವರ್ಷಗಳ ಹಿಂದೆ ಇಲ್ಲಿನ ಪ್ರಾಚೀನ ಜನರಾದ ಕೆಲ್ಟರು ಪ್ರಾಣಿಗಳ ಚರ್ಮ ಹೊದ್ದು ಇದೇ ರಾತ್ರಿ ವೇಷ ಹಾಕುತ್ತಿದ್ದರೆಂಬ, ಎಲ್ಲೆಡೆ ಕಾಣುವ ಮಾತನ್ನು ನಾನು ಮಗಳಿಗೆ ಹೇಳಲಿಲ್ಲ, ಏಕೆಂದರೆ ಅದಕ್ಕೆ ಆ ಕಾಲದ ಆಧಾರವಿಲ್ಲ. ಈ ರಾತ್ರಿಯ ವೇಷಗಳ ದಾಖಲೆ ಸ್ಕಾಟ್ಲೆಂಡಿನಲ್ಲಿ 16ನೇ ಶತಮಾನದಿಂದ ಸಿಗುತ್ತದೆ, ಐರ್ಲೆಂಡಿನಲ್ಲಿ ಇನ್ನೂ ತಡವಾಗಿ. ಹಬ್ಬ ಹಳೆಯದು, ವೇಷವೂ ಅಷ್ಟೇ ಹಳೆಯದೆಂದು ಹೇಳಲು ಬರುವುದಿಲ್ಲ. ಮಕ್ಕಳಿಗೆ ಇದನ್ನು ಹೀಗೆಯೇ ಹೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ದಾಖಲೆಯಿರುವ ವೇಷಗಳಲ್ಲಿ ನನ್ನನ್ನು ಸೆಳೆದದ್ದು 'ಲಾರ್ ವಾನ್', ಅಂದರೆ ಬಿಳಿ ಹೆಣ್ಣುಕುದುರೆ. 19ನೇ ಶತಮಾನದಲ್ಲಿ ಕಾರ್ಕ್ ಕೌಂಟಿಯ ಪೂರ್ವಭಾಗದಲ್ಲಿ ಯುವಕರು ಹಸುವಿನ ಕೊಂಬು ಊದುತ್ತಾ ಹೊಲಮನೆಗಳಿಗೆ ಹೋಗುತ್ತಿದ್ದರು. ಮುಂದೆ ಬಿಳಿ ಬಟ್ಟೆ ಹೊದ್ದು ಕುದುರೆಯ ತಲೆ ಹೊತ್ತವನೊಬ್ಬ ನಡೆಯುತ್ತಿದ್ದ.

ತಲೆಗೆ ದಪ್ಪ ರಟ್ಟಿನ ಎರಡು ಪಕ್ಕಗಳನ್ನು ಕತ್ತರಿಸಿ, ನಡುವೆ ಅಡ್ಡಪಟ್ಟಿಗಳನ್ನು ಕೂಡಿಸಿ, ಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಪತ್ರಿಕೆಯ ಚೂರುಗಳನ್ನು ಹಚ್ಚಿದೆ. ಮೊದಲ ತಲೆ ಕೆಟ್ಟುಹೋಯಿತು: ಅವಸರಪಟ್ಟು ಒಂದೇ ದಿನ ಐದು ಪದರ ಹಚ್ಚಿದ್ದರಿಂದ, ಇಲ್ಲಿನ ಅಕ್ಟೋಬರಿನ ತೇವದಲ್ಲಿ ಒಳಗೆ ಒಣಗದೆ ವಾರದೊಳಗೆ ಬೂಷ್ಟು ಹಿಡಿಯಿತು. ಎರಡನೆಯದಕ್ಕೆ ದಿನಕ್ಕೆ ಒಂದೇ ಪದರದಂತೆ ಮೂರು ಪದರ ಹಚ್ಚಿ, ಅಂಟಿಗೆ ಸ್ವಲ್ಪ ಉಪ್ಪು ಸೇರಿಸಿ, ಪ್ರತಿ ರಾತ್ರಿ ಹಾಟ್ ಪ್ರೆಸ್‌ನಲ್ಲಿ, ಅಂದರೆ ಬಿಸಿನೀರಿನ ಟ್ಯಾಂಕ್ ಇರುವ ಬೀರುವಿನಲ್ಲಿ ಒಣಗಿಸಿದೆ. ಕೆಳದವಡೆಯನ್ನು ಹಳೆಯ ಬೆಲ್ಟಿನ ಚರ್ಮದಿಂದ ಕೀಲು ಮಾಡಿ ಜೋಡಿಸಿ, ಒಳಗಿನಿಂದ ದಾರ ಎಳೆದರೆ ಬಾಯಿ ಬಡಿಯುವಂತೆ ಮಾಡಿದೆ. ಕೊರಳ ಕೂದಲಿಗೆ ಬಿಚ್ಚಿದ ಸೆಣಬಿನ ಹಗ್ಗ, ಹಿಡಿಯಲು ಪೊರಕೆಯ ಕೋಲು. ಮಗು ಕುದುರೆಯ ಕಣ್ಣಿನಿಂದ ನೋಡಲಾರದು. ಅವಳ ಮುಖದ ಎತ್ತರಕ್ಕೆ ಬರುವಲ್ಲಿ ಬಟ್ಟೆಯನ್ನು ಅಂಗೈಯಗಲ ಕತ್ತರಿಸಿ ಸೊಳ್ಳೆಪರದೆಯ ತುಂಡು ಹೊಲಿದೆ. ಹೊರಗಿನಿಂದ ಅದು ನೆರಳಿನಂತೆ ಕಾಣುತ್ತದೆ, ಒಳಗಿನಿಂದ ದಾರಿ ಸ್ಪಷ್ಟವಾಗಿ ತೋರುತ್ತದೆ.

ಮೈಗೆ ಬಿಳಿ ಬಟ್ಟೆ ಬೇಕಿತ್ತು. ಪ್ರತಿ ಮಹಾಲಯ ಅಮಾವಾಸ್ಯೆಗೆ ಅಪ್ಪನ ಪಟದ ಮುಂದೆ ಎಡೆಯ ಜೊತೆಗೆ ಒಂದು ಪಂಚೆ ಇಡುತ್ತೇನೆ. ಉಡುವವರಿಲ್ಲದೆ ಮೂರು ಪಂಚೆ ಪೆಟ್ಟಿಗೆಯಲ್ಲಿದ್ದವು. ಮುಟ್ಟಲು ಮನಸ್ಸು ಒಪ್ಪದೆ ಅಮ್ಮನಿಗೆ ಫೋನ್ ಮಾಡಿದೆ. "ಮೊಮ್ಮಗಳು ಹೊದೆಯಲಿ ಬಿಡೇ, ಪೆಟ್ಟಿಗೆಯಲ್ಲಿ ಕೊಳೆತರೆ ಯಾರಿಗೆ ಬಂತು" ಎಂದರು ಅಮ್ಮ. ಇಲ್ಲಿಯ ಹಿಂದಿನವರೂ ಸಕಲ ಆತ್ಮಗಳ ರಾತ್ರಿ, ಅಂದರೆ ಸತ್ತವರನ್ನು ನೆನೆಯುವ ರಾತ್ರಿ, ಮನೆಯಲ್ಲಿ ತೀರಿಹೋದವರಿಗಾಗಿ ಬಾಗಿಲಿಗೆ ಅಗುಳಿ ಹಾಕದೆ, ಒಲೆಯ ಬೆಂಕಿ ಆರಗೊಡದೆ ಮಲಗುತ್ತಿದ್ದರೆಂದು ಓದಿದ್ದು ನನಗೆ ಧೈರ್ಯ ಕೊಟ್ಟಿತು. ಎರಡು ಹಬ್ಬಗಳಿಗೆ ನಂಟು ಕಲ್ಪಿಸಲು ನಾನು ಹೊರಡುವುದಿಲ್ಲ. ಹಿರಿಯರು ಬಂದುಹೋಗುತ್ತಾರೆಂಬ ನಂಬಿಕೆಯಲ್ಲಿ ಬೆಳೆದ ನನಗೆ ಆ ಅಗುಳಿಯ ಮಾತು ಮಾತ್ರ ಕೂಡಲೇ ಅರ್ಥವಾಯಿತು. ಪಂಚೆಯನ್ನು ಕತ್ತರಿಸಿದ್ದು ಆ ಜಾಲರಿಯ ಜಾಗದಲ್ಲಿ ಮಾತ್ರ. ಉಳಿದುದನ್ನು ನೆರಿಗೆ ಹಿಡಿದು ತಲೆಗೆ ಹೊಲಿದು, ನಡೆಯುವಾಗ ತೊಡರದಂತೆ ನೆಲದಿಂದ ಒಂದು ಗೇಣು ಮೇಲಕ್ಕೆ ಮಡಚಿದೆ.

ಹ್ಯಾಲೋವೀನಿಗೆ ಮುಖ ಕೆತ್ತಿ ಒಳಗೆ ಬೆಳಕಿಡುವ ದೀಪಕ್ಕೆ ಕುಂಬಳಕಾಯಿ ಬೇಡವೆಂದು ಟರ್ನಿಪ್ ಗಡ್ಡೆ ತಂದೆ. ಐರ್ಲೆಂಡಿನ ಹಳೆಯ ದೀಪ ಅದೇ. ಮೇಯೋ ಕೌಂಟಿಯ ಗ್ರಾಮೀಣ ಬದುಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಡೊನಿಗಾಲ್‌ನ ಮುಖ ಕೆತ್ತಿದ ಅಂಥ ಒಂದು ಗಡ್ಡೆಯ ಅಚ್ಚುಪ್ರತಿ ಇದೆ. ಕುಂಬಳಕಾಯಿಯ ನಗುಮುಖವನ್ನು ನೋಡಿ ಬೆಳೆದ ಮಕ್ಕಳಿಗೆ ಆ ಸುಕ್ಕುಮುಖ ನಿಜಕ್ಕೂ ಭಯ ಹುಟ್ಟಿಸುತ್ತದೆ. ಗಡ್ಡೆ ನವಿಲುಕೋಸಿಗಿಂತ ಬಹಳ ಗಟ್ಟಿ. ಟೊಪ್ಪಿಯಂತೆ ಮೇಲ್ಭಾಗ ಕತ್ತರಿಸಿ, ಗಟ್ಟಿ ಚಮಚದಿಂದ ಕೆರೆದು, ಗೋಡೆ ಬೆರಳಿನಷ್ಟು ದಪ್ಪ ಉಳಿಯುವ ಹೊತ್ತಿಗೆ ಎರಡು ಗಂಟೆ ಹಿಡಿಯಿತು. ಕೆರೆದ ತಿರುಳು ಪಲ್ಯವಾಯಿತು. ಹತ್ತಿಯ ಬಟ್ಟೆ ಹೊದ್ದ ಮಗುವಿನ ಬಳಿ ಬೆಂಕಿ ಸಲ್ಲದೆಂದು ಒಳಗೆ ಮೇಣದಬತ್ತಿಯ ಬದಲು ಬ್ಯಾಟರಿಯ ಪುಟ್ಟ ದೀಪ ಇಟ್ಟೆ.

ಅಂದು ಐದು ಗಂಟೆಯ ಹೊತ್ತಿಗೇ ಸೂರ್ಯ ಮುಳುಗಿತ್ತು. ದನಿ ಕೇಳಿದರೆ ಗುರುತು ಸಿಗುತ್ತದೆಂದು ಮಗಳು ಎಂಟು ಮನೆಗಳಲ್ಲೂ ತುಟಿ ಬಿಚ್ಚದೆ ದವಡೆ ಬಡಿದಳು. ಏಳು ಮನೆಯವರು ಸೋತರು. ಪಕ್ಕದ ಮನೆಯ ಅಜ್ಜಿ ಮಾತ್ರ ಬಹಳ ಹೊತ್ತು ನೋಡಿ, ಪಂಚೆಯ ಅಂಚಿನ ಕಂದು ಗೆರೆಯನ್ನು ಬೆರಳಿನಿಂದ ಮುಟ್ಟಿ, ಇದು ನಿಮ್ಮ ಮನೆಯ ಬಟ್ಟೆ ಎಂದರು. ಒಳಗಿನಿಂದ ಮಗಳು, "ನಮ್ಮ ತಾತನದು" ಎಂದುಬಿಟ್ಟಳು.