ಸಿಟ್ಟು ಬರಲಿ, ಕೈ ಏಳದಿರಲಿ

ಯಾದಗಿರಿ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಸುಗ್ಗಿ ಮುಗಿಯಿತೆಂದರೆ ಎಷ್ಟೋ ಮನೆಯವರು ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗುತ್ತಾರೆ. ಮಕ್ಕಳು ಅಜ್ಜಿಯರ ಪಾಲು. ಅಜ್ಜಿ ಕೇಳಿದ್ದನ್ನೆಲ್ಲ ಕೊಡುತ್ತಾಳೆ. ಹಬ್ಬಕ್ಕೆ ಬಂದ ಅಪ್ಪ ಅದೇ ಮಗುವನ್ನು ಒಂದೇ ದಿನದಲ್ಲಿ ದಾರಿಗೆ ತರಲು ಹೊರಡುತ್ತಾನೆ. ಅಂಗನವಾಡಿ ಕಾರ್ಯಕರ್ತೆಯಾದ ನಾನು ನಡುವೆ.

1960ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಡಯಾನಾ ಬೌಮ್‌ರಿಂಡ್ ಪಾಲಕರಲ್ಲಿ ಮೂರು ಬಗೆ ಗುರುತಿಸಿದರು: ಬರೀ ಅಪ್ಪಣೆ ಮಾಡುವವರು, ಸಡಿಲ ಬಿಡುವವರು, ಪ್ರೀತಿಯ ಜೊತೆ ಕಟ್ಟುಪಾಡನ್ನೂ ಇಡುವವರು. ಮೂರನೆಯದೇ ಒಳ್ಳೆಯದು ಎಂದು ಒಪ್ಪಿಕೊಳ್ಳುವುದು ಸುಲಭ. ಆದರೆ ಕಟ್ಟುಪಾಡು ಯಾವುದಕ್ಕೆ? ಹೊಡೆಯಬೇಡ ಎನ್ನಬಹುದು, ಅಳಬೇಡ ಎನ್ನಬಾರದು. "ಗಂಡು ಹುಡುಗ ಅಳುತ್ತಾನೇನು" ಎಂದು ಬೈಸಿಕೊಂಡವರೇ ನನ್ನ ಅಂಗನವಾಡಿಯಲ್ಲಿ ಹೆಚ್ಚಾಗಿ ಕಚ್ಚುವವರು.

ಯುಗಾದಿಗೆ ಬಂದ ತಾಯಿಯೊಬ್ಬಳು ನಾಲ್ಕು ವರ್ಷದ ಮಗನಿಗೆ ಚಾಕೊಲೇಟ್ ಚಾಚಿದಳು. ಅವನು ಅಜ್ಜಿಯ ಸೆರಗು ಬಿಡಲಿಲ್ಲ. "ಹೆತ್ತವಳನ್ನೇ ಮರೆತಿದ್ದಾನೆ ನೋಡಿರಿ ಟೀಚರ್" ಎಂದಳು. ಮರೆತ ಮಗು ಹಾಗೆ ಓರೆಗಣ್ಣಿನಿಂದ ನೋಡುವುದಿಲ್ಲ. "ಅದನ್ನು ಒಳಗಿಡವ್ವ, ಕೆಳಗೆ ಕೂತು ಮಾತಾಡಿಸು" ಎಂದೆ. "ಬಿಟ್ಟು ಹೋದೆನೆಂದು ಸಿಟ್ಟೇನಪ್ಪ?" ಎಂದು ಅವಳು ಕೇಳಿದ್ದೇ ತಡ, ಓಡಿ ಬಂದು ಅವಳ ತೋಳಿಗೆ ಗುದ್ದಿದ. ಅಜ್ಜಿ ಕೈ ಎತ್ತಿದಳು. ಅವಳನ್ನು ತಡೆದು, ಹುಡುಗನ ಎರಡೂ ಮುಷ್ಟಿ ಹಿಡಿದೆ. "ಸಿಟ್ಟು ಬಂದಿದೆ, ಗೊತ್ತಾಯಿತು. ಅವ್ವನಿಗೆ ಹೊಡೆಯುವುದು ಬೇಡ, ಬಾಯಿಬಿಟ್ಟು ಹೇಳು." ಬಹಳ ಹೊತ್ತಿನ ಮೇಲೆ "ನನಗೆ ಹೇಳದೆ ಹೋದೆ" ಎಂದ.

ನಿಜವೇ. ಮಗು ರಂಪ ಮಾಡಬಾರದೆಂದು ಅದು ಮಲಗಿದ್ದಾಗ ಬಸ್ ಹತ್ತುವುದು ಇಲ್ಲಿನ ರೂಢಿ. ಎಚ್ಚರವಾದ ಮಗುವಿಗೆ ಅಳಲು ಕಾರಣವೂ ತಿಳಿಯದು, ನಂಬಲು ಜನವೂ ಇರುವುದಿಲ್ಲ.

ತಾಯಂದಿರ ಸಭೆಯಲ್ಲಿ ಈಗ ಪಟ್ಟು ಹಿಡಿದು ಹೇಳುತ್ತೇನೆ: ಹೇಳಿಯೇ ಹೋಗಿ, ಅತ್ತರೆ ಅಳಲಿ. ಅಜ್ಜಿಯರಿಗೆ ಹೇಳುವುದು ಬೇರೆ: "ಅವ್ವ ನಾಳೆ ಬರುತ್ತಾಳೆ" ಎಂಬ ಸುಳ್ಳು ಬೇಡ, ಮೊಹರಂಗೆ ಬರುವುದಾದರೆ ಮೊಹರಂಗೆ ಎನ್ನಿ. ಮಗು ಸಂಜೆ ಸುಮ್ಮನೆ ಹಟ ಹಿಡಿದರೆ ಮೊಬೈಲ್ ಕೊಟ್ಟು ಬಾಯಿ ಮುಚ್ಚಿಸುವ ಮೊದಲು "ಅವ್ವನ ನೆನಪಾಯಿತೇನು?" ಎಂದು ಕೇಳಿ. ಕೇಳಿದ ಮೇಲೂ ಎರಡನೆಯ ಬಿಸ್ಕತ್ತು ಪೊಟ್ಟಣ ಕೊಡಬೇಕಾಗಿಲ್ಲ. ಮುದ್ದು ಮಾಡುವ ಅಜ್ಜಿಯರಿಗೆ ಇದೇ ಕಷ್ಟ.

ಆ ಹುಡುಗ ಒಮ್ಮೊಮ್ಮೆ ಈಗಲೂ ಗುದ್ದುತ್ತಾನೆ. ಹೆಚ್ಚಿನ ಸಲ ಮಾತ್ರ ನೆಟ್ಟಗೆ ನನ್ನ ಬಳಿ ಬಂದು ದೂರು ಕೊಡುತ್ತಾನೆ, ಅದೂ ನಾನು ಲೆಕ್ಕದ ಪುಸ್ತಕ ಬರೆಯುವ ಹೊತ್ತಿಗೇ. ಸಭೆಗೆ ಅಪ್ಪಂದಿರು ಇನ್ನೂ ಬರುತ್ತಿಲ್ಲ. ಮೊಹರಂಗೆ ಊರು ತುಂಬಿದಾಗ ಅವರನ್ನೇ ಕೂರಿಸಬೇಕೆಂದಿದ್ದೇನೆ.