‘ಜಿಂಜರ್ಲಿ’ಯಲ್ಲಿ ಶುಂಠಿ ಇದೆಯೇ? ಪದದ ಬೇರು ಹುಡುಕುವ ಬಗೆ

ಒಡೆದ ಗಾಜಿನ ಚೂರನ್ನು ಅಳುಕುತ್ತ, ಜೋಪಾನವಾಗಿ ಎತ್ತುವುದಕ್ಕೆ ಇಂಗ್ಲಿಷಿನಲ್ಲಿ ‘ಜಿಂಜರ್ಲಿ’ ಎನ್ನುತ್ತಾರೆ. ಜಿಂಜರ್ ಎಂದರೆ ಶುಂಠಿ ತಾನೆ, ಇದೂ ಅಲ್ಲಿಂದಲೇ ಬಂದಿರಬೇಕು ಅನ್ನಿಸುತ್ತದೆ. ಪದಮೂಲ ಹುಡುಕಹೊರಟವರು ಹೆಚ್ಚಾಗಿ ಎಡವುವುದು ಇಂಥ ಕಡೆಯೇ.

ಈಗಿನ ಅರ್ಥವನ್ನು ಬದಿಗಿಟ್ಟು ಮೊದಲು ಹಳೆಯ ಬಳಕೆ ನೋಡಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಒಂದೊಂದು ಅರ್ಥದ ಕೆಳಗೂ ಬಳಕೆಗಳನ್ನು ಇಸವಿವಾರು ಕೊಡುತ್ತದೆ. ಅದಕ್ಕೆ ಚಂದಾ ಬೇಕು. ಇಲ್ಲದವರಿಗೆ ಪದಮೂಲ ಹೇಳುವ ಎಟಿಮ್‌ಆನ್‌ಲೈನ್ ಜಾಲತಾಣ ಉಚಿತ. ಈ ಪದ 16ನೇ ಶತಮಾನದ ಮೊದಲ ಭಾಗದಲ್ಲಿ ಸಿಗುತ್ತದೆ. ಆಗಿನ ಅರ್ಥ ‘ನಾಜೂಕಾಗಿ, ಬೆಡಗಿನಿಂದ’. ಕುಣಿತದ, ನಡಿಗೆಯ ಪುಟ್ಟ ಹೆಜ್ಜೆಗಳಿಗೆ ಹೇಳುತ್ತಿದ್ದ ಮಾತು. ಎಚ್ಚರಿಕೆಯ ಅರ್ಥ ಬಂದದ್ದು 1600ರ ಸುಮಾರಿಗೆ.

ಇಲ್ಲಿ ಇಸವಿಯೊಂದನ್ನೇ ನಂಬಿದರೆ ಕೆಲಸ ಕೆಡುತ್ತದೆ. ಶುಂಠಿಯ ಹೆಸರು ಹಳೆಗಾಲದ ಇಂಗ್ಲಿಷಿನಲ್ಲೇ ‘ಗಿಂಗಿಫರ್’ ಎಂದು ಇತ್ತು, ಹಾಗಾಗಿ ಕಾಲ ಅಡ್ಡಬರುವುದಿಲ್ಲ. ಅಡ್ಡಬರುವುದು ಅರ್ಥ: ಆ ಹಳೆಯ ಬಳಕೆಗಳಲ್ಲಿ ಖಾರವೂ ಇಲ್ಲ, ಘಾಟೂ ಇಲ್ಲ.

ಆಮೇಲೆ ಪ್ರತ್ಯಯ ಬಿಡಿಸಿ. ನಮ್ಮ ‘ಆಗಿ’ಯ ಕೆಲಸ ಮಾಡುವ ‘ಲಿ’ ಹೋದರೆ ‘ಜಿಂಜರ್’ ಉಳಿಯುತ್ತದೆ. ‘ನಾಜೂಕು’ ಎಂಬ ಅರ್ಥಕ್ಕೆ ಹೊಂದುವ, ಅದೇ ಸದ್ದಿನ ಗುಣವಾಚಕವನ್ನು ನೆರೆಭಾಷೆಯಲ್ಲಿ ಹುಡುಕಬೇಕು. 16ನೇ ಶತಮಾನದ ಇಂಗ್ಲಿಷಿಗಾದರೆ ಮೊದಲು ಫ್ರೆಂಚ್. ಹಳೆಯ ಫ್ರೆಂಚಿನಲ್ಲಿ ‘ಜೆಂಟ್’ ಎಂದರೆ ಚೆಲುವಾದ, ನಯವಾದ. ‘ಜೆನ್ಸೋರ್’ ಎಂದರೆ ಅದಕ್ಕಿಂತ ಹೆಚ್ಚು ನಯವಾದ. ಅದರ ಹಿಂದೆ ಲ್ಯಾಟಿನ್ನಿನ ‘ಗೆನಿಟುಸ್’, ಹುಟ್ಟಿದ (ಒಳ್ಳೆಯ ಕುಲದಲ್ಲಿ) ಎಂದು. ಸಂಸ್ಕೃತದ ‘ಜನನ’ಕ್ಕೂ ಇದಕ್ಕೂ ಒಂದೇ ಬೇರು.

ನಿಘಂಟುಗಳು ಈ ಫ್ರೆಂಚ್ ನಂಟನ್ನು ‘ಬಹುಶಃ’ ಎಂದೇ ಹೇಳುತ್ತವೆ. ನಿಮ್ಮ ಟಿಪ್ಪಣಿಯಲ್ಲಿ ಆ ‘ಬಹುಶಃ’ವನ್ನು ಕೈಬಿಡಬೇಡಿ. ಚಿಹ್ನೆಗಳನ್ನೂ ಸರಿಯಾಗಿ ಓದಿ: ‘<’ ಎಂದರೆ ‘ಇದರಿಂದ ಬಂದದ್ದು’, ಪದದ ಮುಂದೆ ನಕ್ಷತ್ರ ಇದ್ದರೆ ಅದು ಯಾವ ಬರಹದಲ್ಲೂ ಸಿಕ್ಕಿಲ್ಲದ, ವಿದ್ವಾಂಸರು ಊಹಿಸಿ ಕಟ್ಟಿದ ರೂಪ.

ಇನ್ನು ಶುಂಠಿಯ ಜಿಂಜರ್ ಹೊರಟದ್ದೇ ನಮ್ಮ ಕಡೆಯಿಂದ. ಲ್ಯಾಟಿನ್, ಗ್ರೀಕ್ ದಾಟಿ ಹಿಂದೆ ಹೋದರೆ ಪಾಳಿಯ ‘ಸಿಂಗಿವೇರ’, ಅದರಾಚೆ ದ್ರಾವಿಡದ ‘ಇಂಜಿ’ ಮತ್ತು ‘ವೇರ್’ ಸಿಗುತ್ತವೆ. ಆ ‘ವೇರ್’ ಕನ್ನಡದಲ್ಲಿ ‘ಬೇರು’.