ಶುಗರ್ ಇದ್ದವರಿಗೆ ಅನ್ನ ಎಷ್ಟು? ಮನೆಯಲ್ಲೇ ಕಂಡುಕೊಳ್ಳಿ

ಕಾರವಾರದಿಂದ ಭಟ್ಕಳದವರೆಗೆ ಯಾವ ಪಂಕ್ತಿಯಲ್ಲಿ ಊಟಕ್ಕೆ ಕೂತರೂ ಈ ಜಗಳ ಇದ್ದದ್ದೇ. ಶುಗರ್ ಇದ್ದವರ ಎಲೆಗೆ ಅನ್ನ ಬಿದ್ದ ಕೂಡಲೇ ಎಡಕ್ಕೆ ಕೂತವರು ‘ಅನ್ನ ಪೂರ್ತಿ ಬಿಟ್ಟುಬಿಡಿ’ ಅನ್ನುತ್ತಾರೆ. ಬಲಕ್ಕೆ ಕೂತವರು ‘ಕುಚ್ಚಲಕ್ಕಿ ಆದ್ರೆ ಎಷ್ಟು ಉಂಡ್ರೂ ಏನೂ ಆಗೂದಿಲ್ಲ’ ಅನ್ನುತ್ತಾರೆ. ಇಬ್ಬರ ಮಾತೂ ಕೇಳಬೇಡಿ.

ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2019ರ ವರದಿಯಲ್ಲೇ ಹೇಳಿದೆ, ಎಲ್ಲರಿಗೂ ಹೊಂದುವ ಒಂದೇ ಕಾರ್ಬೊಹೈಡ್ರೇಟ್ (ಶುಗರ್ ಏರಿಸುವ ಪಿಷ್ಟ, ಸಕ್ಕರೆ) ಅಳತೆ ಇಲ್ಲ ಅಂತ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಎಲ್ಲ ಭಾರತೀಯರಿಗೂ ಕೊಟ್ಟ ಸಲಹೆ ಬೇರೆ: ದಿನದ ಕ್ಯಾಲೊರಿಯಲ್ಲಿ ಧಾನ್ಯದ ಪಾಲು ಶೇ 45 ಮೀರದಿರಲಿ. ಬೆಳಿಗ್ಗೆ ತೆಳ್ಳೇವು (ತೆಳು ದೋಸೆ) ಇಲ್ಲವೇ ಗಂಜಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ ಎಂಬ ನಮ್ಮ ಮನೆಗಳಲ್ಲಿ ಅದು ಸುಲಭವಾಗಿ ಮೀರುತ್ತದೆ. ಹಾಗಾಗಿ ನಿಮ್ಮ ಅಳತೆಯನ್ನು ನೀವೇ ಹುಡುಕಬೇಕು.

ಮೊದಲು ಮಾತ್ರೆ ನೋಡಿ

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಏಕಾಏಕಿ ಅನ್ನ ಅರ್ಧ ಮಾಡಿದರೆ ಶುಗರ್ 70ಕ್ಕಿಂತ ಕೆಳಗೆ ಇಳಿಯಬಹುದು. ಕೈ ನಡುಗಿ ಬೆವರು ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವವರು ಅನ್ನ, ರೊಟ್ಟಿ ಎಲ್ಲ ಒಟ್ಟಿಗೆ ಬಿಟ್ಟರೆ ರಕ್ತದಲ್ಲಿ ಆಮ್ಲ ಏರುವ ಕೀಟೋಅಸಿಡೋಸಿಸ್ ಎಂಬ ಅಪಾಯವೂ ಇದೆ. ಇವರೆಲ್ಲ ಶುರು ಮಾಡುವ ಮೊದಲು ಡಾಕ್ಟರಿಗೆ ಒಂದು ಮಾತು ಹೇಳಲೇಬೇಕು. ಗರ್ಭಿಣಿಯರು ಮತ್ತು ಕಿಡ್ನಿ ತೊಂದರೆ ಇದ್ದವರು ಈ ಲೇಖನ ನೋಡಿ ಏನನ್ನೂ ಬದಲಿಸಬೇಡಿ.

ಅಕ್ಕಿ ತೂಗಿ

ಹಸಿ ಅಕ್ಕಿಯನ್ನೇ ತೂಗಬೇಕು. ಬೆಂದ ಅನ್ನ ಎಷ್ಟು ನೀರು ಕುಡಿದಿದೆ ಅನ್ನೋದು ಅಕ್ಕಿಯಿಂದ ಅಕ್ಕಿಗೆ ಬೇರೆ, ಗಂಜಿಯಲ್ಲಂತೂ ಲೆಕ್ಕವೇ ಸಿಗದು. 60 ಗ್ರಾಂ ಹಸಿ ಅಕ್ಕಿಯಲ್ಲಿ ಸುಮಾರು 45 ಗ್ರಾಂ ಕಾರ್ಬೊಹೈಡ್ರೇಟ್ ಇರುತ್ತದೆ. ಕುಚ್ಚಲಕ್ಕಿ, ಸೋನಾಮಸೂರಿ, ಕುಮಟಾದ ಗಜನಿ (ಉಪ್ಪುನೀರಿನ ಗದ್ದೆ) ಬೆಳೆ ಕಗ್ಗ, ಯಾವುದೇ ಇರಲಿ, ಈ ಅಂಕಿ ಹೆಚ್ಚುಕಡಿಮೆ ಅಷ್ಟೇ. ಕುಚ್ಚಲಕ್ಕಿಯ ಅನ್ನ ಸ್ವಲ್ಪ ನಿಧಾನ ಜೀರ್ಣ ಆಗಬಹುದು, ನಿಜ. ಅಷ್ಟಕ್ಕೇ ಎರಡು ಪಾಲು ಬಡಿಸಿಕೊಂಡರೆ ಆ ಲಾಭ ಎಲ್ಲಿ ಉಳಿಯಿತು? ಒಂದು ದಿನ ನಿಮ್ಮ ಒಂದು ಊಟದ ಪಾಲೆಂದು ಈ 60 ಗ್ರಾಂ ಅಕ್ಕಿಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ. ಅದು ಯಾವ ವಾಟಿಗೆ ಎಷ್ಟು ಬಂತು ನೋಡಿಕೊಳ್ಳಿ. ಮುಂದೆ ಆ ವಾಟಿಯೇ ನಿಮ್ಮ ತಕ್ಕಡಿ.

‘ಡಯಾಬಿಟಿಕ್ ಬಿಸ್ಕತ್ತು’, ‘ಶುಗರ್ ಇದ್ದವರ ಅಕ್ಕಿ’ ಎಂದು ಮಾರುವ ಪೊಟ್ಟಣಗಳಿಗೆ ದುಡ್ಡು ಹಾಕಬೇಡಿ. ಹಿಂದಿನ ಸಣ್ಣ ಅಕ್ಷರ ಓದಿ, ಎಷ್ಟೋ ಬಿಸ್ಕತ್ತಿನಲ್ಲಿ ಮೊದಲ ಹೆಸರೇ ಮೈದಾ. ಶಿರಸಿಯ ಜೋನಿ ಬೆಲ್ಲವೂ ಶುಗರ್ ಲೆಕ್ಕದಲ್ಲಿ ಸಕ್ಕರೆಯೇ.

ಬೆರಳು ಚುಚ್ಚುವುದು

ಆ ವಾಟಿ ಅನ್ನ ನಿಮಗೆ ಹೊಂದುತ್ತದೆಯೇ ಎಂದು ಮನೆಯ ಶುಗರ್ ಮೀಟರಿನಲ್ಲಿ ನೋಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಅದಕ್ಕೇ ಸ್ವಲ್ಪ ನಿಧಾನ ಹೇಳುತ್ತೇನೆ.

ಕೈಯನ್ನು ಸೋಪು ಹಾಕಿ ತೊಳೆದು ಪೂರ್ತಿ ಒರೆಸಿ. ಕರಿ ಇಶಾಡ ಹೆಚ್ಚಿದ ಕೈಯಲ್ಲಿ ಹಾಗೇ ಚುಚ್ಚಿದರೆ ಮೀಟರ್ ತೋರಿಸುವುದು ರಕ್ತದ ಶುಗರ್ ಜೊತೆ ಮಾವಿನ ಶುಗರನ್ನೂ. ಕೈ ಒದ್ದೆ ಇದ್ದರೆ ರಕ್ತ ತೆಳುವಾಗಿ ಅಂಕಿ ಕಡಿಮೆ ಬರಬಹುದು. ಬೆರಳ ತುದಿಯ ನಡುವೆ ಚುಚ್ಚಬೇಡಿ, ಪಕ್ಕದಲ್ಲಿ ಚುಚ್ಚಿ, ನೋವು ಕಡಿಮೆ. ಹನಿ ಬರಲಿಲ್ಲ ಅಂತ ಬೆರಳನ್ನು ಹಿಂಡಿ ಹಿಂಡಿ ತೆಗೆಯಬೇಡಿ. ಚುಚ್ಚುವ ಮೊದಲು ಕೈಯನ್ನು ಸೊಂಟದಿಂದ ಕೆಳಗೆ ಬಿಟ್ಟು ಒಂದು ನಿಮಿಷ ಅಲ್ಲಾಡಿಸಿ, ತಾನಾಗೇ ಬರುತ್ತದೆ.

ರಕ್ತದ ಹನಿ ತಾಗಿಸುವ ಮೀಟರಿನ ಸ್ಟ್ರಿಪ್ ಡಬ್ಬಿಯ ವಿಷಯ ನಮ್ಮ ಕರಾವಳಿಯವರು ವಿಶೇಷ ನೋಡಬೇಕು. ಮಳೆಗಾಲದ ಗಾಳಿಯಲ್ಲಿ ಉಪ್ಪೇ ನೀರಾಗುತ್ತದೆ, ಸ್ಟ್ರಿಪ್ ಉಳಿಯುತ್ತದೆಯೇ? ಒಂದು ಸ್ಟ್ರಿಪ್ ತೆಗೆದ ತಕ್ಷಣ ಮುಚ್ಚಳ ಗಟ್ಟಿ ಹಾಕಿ. ಬೇರೆ ಡಬ್ಬಿಗೆ ತುಂಬಬೇಡಿ, ಫ್ರಿಜ್‌ನಲ್ಲೂ ಇಡಬೇಡಿ. ಅವಧಿ ಮುಗಿದದ್ದನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ.

ಇನ್ನು ಸಮಯ. ಊಟಕ್ಕೆ ಕೂರುವ ಮೊದಲು ಒಂದು ಸಲ ನೋಡಿ. ಇನ್ನೊಂದು ಸಲ ಎರಡು ಗಂಟೆ ಬಿಟ್ಟು. ಎರಡು ಗಂಟೆ ಎಣಿಸುವುದು ಕೈ ತೊಳೆದ ಹೊತ್ತಿನಿಂದಲ್ಲ, ಮೊದಲ ತುತ್ತಿನಿಂದ. ನಮ್ಮಲ್ಲಿ ಊಟ, ಮಾತು, ಕವಳ ಎಲ್ಲ ಸೇರಿ ಮುಕ್ಕಾಲು ಗಂಟೆ ಆಗುತ್ತದಲ್ವಾ? ಅಷ್ಟರಲ್ಲಿ ಲೆಕ್ಕ ಪೂರ್ತಿ ತಪ್ಪಿರುತ್ತದೆ. ಸಾಮಾನ್ಯವಾಗಿ ಊಟದ ಮೊದಲು 80ರಿಂದ 130, ಎರಡು ಗಂಟೆ ನಂತರ 180ಕ್ಕಿಂತ ಕಡಿಮೆ ಇರಲಿ ಅನ್ನುತ್ತಾರೆ. ನಿಮ್ಮ ಡಾಕ್ಟರು ಬೇರೆ ಗುರಿ ಕೊಟ್ಟಿದ್ದರೆ ಅದೇ ಸರಿ.

ಒಂದೇ ಅಂಕಿ ನೋಡಿ ಹೆದರಬೇಡಿ, ಹಿಗ್ಗಲೂಬೇಡಿ. ಒಳ್ಳೆಯ ಮೀಟರಿಗೂ ಶೇ 15ರವರೆಗೆ ಆಚೀಚೆ ಆಗುವ ಅವಕಾಶ ಇದೆ. 172, 185 ಎರಡೂ ಒಂದೇ ಅಂದುಕೊಳ್ಳಿ. ಅದೇ ವಾಟಿ ಅನ್ನ, ಅದೇ ಸಾರು, ಮೂರು ಬೇರೆ ದಿನ ನೋಡಿ, ಆಮೇಲೆ ತೀರ್ಮಾನ.

ಅಳತೆ ಬದಲಿಸಿ

ಮೂರೂ ದಿನ ಜಾಸ್ತಿ ಬಂದರೆ ವಾಟಿಯಿಂದ ಕಾಲು ಭಾಗ ತೆಗೆಯಿರಿ. ಆ ಜಾಗಕ್ಕೆ ಬಸಳೆ, ಹೆಸರುಕಾಳು ಇಲ್ಲವೇ ಇನ್ನೊಂದು ಬಾಂಗಡೆ. ಮೀನಿನಲ್ಲಿ ಕಾರ್ಬೊಹೈಡ್ರೇಟ್ ಇಲ್ಲವೇ ಇಲ್ಲ ಅನ್ನಬಹುದು, ಆದರೆ ರವೆ ಮೆತ್ತಿ ಹುರಿದರೆ ಆ ರವೆಯಲ್ಲಿ ಇದೆ. ಪಲ್ಯ, ಮೀನು ಮೊದಲು ತಿಂದು ಅನ್ನ ಕೊನೆಗೆ ಉಂಡರೆ ಏರಿಕೆ ಕಡಿಮೆ ಇರುತ್ತದೆ. ಖರ್ಚಿಲ್ಲದ ಉಪಾಯ, ಮಾಡಿ ನೋಡಿ. ಅನ್ನ ಬಿಟ್ಟು ರಾಗಿ ಮುದ್ದೆಗೆ ಹೋದರೂ ಅಳತೆ ಬೇಕೇ ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲೂ ಹತ್ತಿರ ಹತ್ತಿರ 70 ಗ್ರಾಂ ಕಾರ್ಬೊಹೈಡ್ರೇಟ್ ಇದೆ.

ಬೆಳಿಗ್ಗೆಯ ತೆಳ್ಳೇವಿಗೂ ಇದೇ ರೀತಿ ಬೇರೆ ಲೆಕ್ಕ ಮಾಡಿ. ಎಷ್ಟೋ ಜನರಿಗೆ ಶುಗರ್ ಬೆಳಿಗ್ಗೆಯೇ ಹೆಚ್ಚು ಏರುತ್ತದೆ. ಮದುವೆ ಊಟ, ಹಬ್ಬದ ಪಾಯಸದ ದಿನ ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ತಾರೀಕು, ಊಟ, ಎರಡು ಅಂಕಿ, ತೆಗೆದುಕೊಂಡ ಮಾತ್ರೆ, ಇಷ್ಟನ್ನು ಒಂದು ಸಾಲಿನಲ್ಲಿ ಬರೆದಿಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಪುಸ್ತಕ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ವರದಿ ಎರಡನ್ನೂ ಒಯ್ಯಿರಿ.